ಹೊಸ ಬೂಟು ಮೊದಲು ಜೋಗಿಮಟ್ಟಿ ಹತ್ತಲಿ

ಈ ಸಲ ಬಂದ ಪತ್ರಗಳಲ್ಲಿ ಬೇಟೆ ಮತ್ತು ಗುಡ್ಡದ ಸಾಮಾನಿನ ಪ್ರಶ್ನೆಗಳೇ ಜಾಸ್ತಿ. ನಮ್ಮ ತಾತ ಷಿಕಾರಿ ಮಾಡಿದವರು. ನಾನು ಅದೇ ಗುಡ್ಡಗಳನ್ನು ಕೋವಿ ಇಲ್ಲದೆ ಇಪ್ಪತ್ತು ವರ್ಷದಿಂದ ಸುತ್ತುತ್ತಿದ್ದೇನೆ. ಗೊತ್ತಿರುವುದನ್ನು ಬರೆದಿದ್ದೇನೆ.

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ಅಕ್ಟೋಬರಿನಲ್ಲಿ ಗೆಳೆಯರ ಜೊತೆ ಕೊಲೊರಾಡೊ ಬೆಟ್ಟಗಳಿಗೆ ಎಲ್ಕ್ ಬೇಟೆಗೆ ಹೋಗುತ್ತಾನಂತೆ. ಆಷಾಢದಲ್ಲಿ ಊರಿಗೆ ಬರುವಾಗ ಹೊಸ ಬೂಟು, ಬ್ಯಾಗು, ಮಳೆ ಜಾಕೆಟ್ ಎಲ್ಲ ತರುತ್ತಾನೆ. ಇಲ್ಲೇ ಪರೀಕ್ಷೆ ಮಾಡಬಹುದಾ? ನನಗಂತೂ ಭಯ.
— ಓದುಗರು, ದಾವಣಗೆರೆ

ಮಾಡಬಹುದು ಸಾರ್, ಮಾಡಲೇಬೇಕು. ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ, ಬೆಳೆದ ಗಂಡು 300 ಕಿಲೋ ಮುಟ್ಟುತ್ತದೆ. ಅವು ಹೆಚ್ಚಾಗಿ ಇರುವುದು 8,000ದಿಂದ 11,000 ಅಡಿ ಎತ್ತರದಲ್ಲಿ. ಹೊಡೆದ ಮೇಲೆ ಅಲ್ಲೇ ಕೊಯ್ದು, ಮಾಂಸವನ್ನು ಬೆನ್ನ ಮೇಲೆ ಹೊತ್ತು, ನಾಲ್ಕೈದು ಸಲ ಇಳಿದು ಹತ್ತಬೇಕು. ಅಂದರೆ ಆ ಬೇಟೆಯಲ್ಲಿ ಗುಂಡು ಹಾರುವುದು ಒಂದು ಕ್ಷಣ, ಉಳಿದಿದ್ದೆಲ್ಲ ನಡಿಗೆ ಮತ್ತು ಹೊರೆ. ಹಾಗಾಗಿ ಮೊದಲು ನೋಡಬೇಕಾದ್ದು ಬೂಟು.

ನಾನೊಮ್ಮೆ ಅಂಗಡಿಯಿಂದ ತಂದ ಬೂಟನ್ನು ಹಾಕಿಕೊಂಡು ನೇರವಾಗಿ ಕುಮಾರಪರ್ವತಕ್ಕೆ ಹೋಗಿದ್ದೆ. ಹತ್ತುವಾಗ ಏನೂ ಗೊತ್ತಾಗಲಿಲ್ಲ. ಇಳಿಯುವಾಗ ಬೆರಳುಗಳು ಮುಂದಕ್ಕೆ ಜಾರಿ ಬೂಟಿನ ಮೂತಿಗೆ ಬಡಿದು ಬಡಿದು, ಎರಡೂ ಹೆಬ್ಬೆರಳ ಉಗುರು ಕಪ್ಪಾದವು, ಒಂದು ಬಿದ್ದೇ ಹೋಯಿತು. ಅದಕ್ಕೇ ಹೇಳುತ್ತೇನೆ, ಬೂಟಿನ ಪರೀಕ್ಷೆ ಇಳಿಜಾರಿನಲ್ಲಿ ಆಗಬೇಕು. ಮೊದಲ ವಾರ ಮನೆ, ಬೀದಿ, ಸಂತೆಗೆ ಹಾಕಿಕೊಂಡು ಓಡಾಡಲಿ. ಆಮೇಲೆ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿ. ಅಲ್ಲಿನ ನುಣುಪಾದ ಇಳಿಜಾರು ಬಂಡೆಗಳ ಮೇಲೆ, ಅದರಲ್ಲೂ ಸೋನೆ ಬಿದ್ದ ಬೆಳಿಗ್ಗೆ, ಅಟ್ಟೆ ಹಿಡಿಯುತ್ತದೋ ಜಾರುತ್ತದೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹಿಮ್ಮಡಿ ಮೇಲೇಳುತ್ತಿದ್ದರೆ ಲೇಸು ಕಟ್ಟುವ ರೀತಿ ಬದಲಿಸಲಿ. ಆಗಲೂ ಏಳುತ್ತಿದ್ದರೆ ಆ ಬೂಟು ಆ ಕಾಲಿನದಲ್ಲ, ಬೆಲೆ ಎಷ್ಟೇ ಇರಲಿ.

ಮೂರನೇ ಹಂತ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡ. ಬ್ಯಾಗಿಗೆ ಮೊದಲ ದಿನ ಎಂಟು ಕಿಲೋ ಅಕ್ಕಿ ತುಂಬಿ, ಎರಡು ದಿನ ಬಿಟ್ಟು ಹದಿನೈದು. ಅಕ್ಕಿ ಯಾಕೆ ಅಂದರೆ ಅದು ಮಾಂಸದ ಹಾಗೇ ಬ್ಯಾಗಿನ ತಳಕ್ಕೆ ಕೂರುತ್ತದೆ, ಬಟ್ಟೆ ತುಂಬಿದರೆ ಹೊರೆಯ ನಿಜ ತಿಳಿಯಲ್ಲ. ಸೊಂಟದ ಬೆಲ್ಟು ಬಿಗಿದ ಮೇಲೆ ಭಾರ ಸೊಂಟದ ಮೇಲೆ ನಿಲ್ಲಬೇಕು. ಭುಜ ಉರಿಯುತ್ತಿದ್ದರೆ ಬ್ಯಾಗು ಬೆನ್ನಿಗೆ ಉದ್ದವಾಯಿತು ಅಥವಾ ಗಿಡ್ಡವಾಯಿತು ಅಂತ ಅರ್ಥ. ಆಷಾಢದ ಗಾಳಿ ಅಲ್ಲಿ ನಿಲ್ಲುವುದಕ್ಕೂ ಬಿಡಲ್ಲ, ಜಾಕೆಟ್ಟಿಗೆ ಅದಕ್ಕಿಂತ ಒಳ್ಳೆ ಪರೀಕ್ಷೆ ಬೇರೆ ಬೇಡ. ಮಳೆ ಒಳಗೆ ಬಂತಾ ಅಂತ ಮಾತ್ರ ನೋಡಬೇಡಿ, ಹತ್ತಿದ ಬೆವರು ಹೊರಗೆ ಹೋಯಿತಾ ಅಂತಲೂ ನೋಡಿ. ಒಳಗೆ ಕಾಟನ್ ಬನಿಯನ್ ಬೇಡವೇ ಬೇಡ. ಅದು ಬೆವರು ಹೀರಿ ಒದ್ದೆಯಾಗಿ ಮೈಗಂಟುತ್ತದೆ, ಚಳಿ ಬೆಟ್ಟದಲ್ಲಿ ಅದೇ ಅಪಾಯ. ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ.

ಇಲ್ಲಿ ಪರೀಕ್ಷೆ ಮಾಡಲಾಗದ್ದು ಎತ್ತರ. ನಮ್ಮ ಜೋಗಿಮಟ್ಟಿ 5,000 ಅಡಿಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಎರಡು ಮೂರು ದಿನ ಮೊದಲೇ ಹೋಗಿ ಮೈ ಒಗ್ಗಿಸಿಕೊಳ್ಳಲಿ. ತಲೆನೋವು, ವಾಂತಿ ಶುರುವಾದರೆ ಹಟ ಮಾಡದೆ ಕೆಳಗಿಳಿಯಲಿ. ಕೋವಿಯನ್ನು ಅಲ್ಲಿನ ಶೂಟಿಂಗ್ ರೇಂಜಿನಲ್ಲೇ ಪರೀಕ್ಷಿಸಬೇಕು, 100 ಗಜಕ್ಕೆ ಗುರಿ ಹೊಂದಿಸಿ, ಬೆಟ್ಟದಲ್ಲಿ ತೊಡುವ ಅದೇ ಜಾಕೆಟ್, ಕೈಗವಸು ಹಾಕಿಕೊಂಡು, ಕೂತು, ಮಂಡಿಯೂರಿ ಹೊಡೆದು ನೋಡಲಿ.

ಇನ್ನು ಕಾನೂನು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಕೊಲೊರಾಡೊದಲ್ಲಿ ಬೇಟೆ ಲೈಸೆನ್ಸ್ ಪಡೆಯಲು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ರೈಫಲ್ ಬೇಟೆಗೆ ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಎದ್ದು ಕಾಣುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ ಬೇಕು, ಟೋಪಿಯೂ ಅದೇ ಬಣ್ಣದ್ದು. ನಿಮ್ಮ ಮಗ ಎಚ್-1ಬಿ ತರಹದ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದರೆ ಇದು ಮುಖ್ಯ: ಅಲ್ಲಿನ ಕೇಂದ್ರ ಕಾನೂನು ಅಂಥವರು ಬಂದೂಕು ಇಟ್ಟುಕೊಳ್ಳುವುದನ್ನೇ ತಡೆಯುತ್ತದೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಲೈಸೆನ್ಸ್ ಕೈಗೆ ಬರುವ ಮೊದಲು ಗೆಳೆಯನ ಕೋವಿಯನ್ನೂ ಮುಟ್ಟದಿರಲಿ, ಅಲ್ಲಿನ ವಕೀಲರನ್ನು ಒಮ್ಮೆ ಕೇಳಲಿ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಇಷ್ಟೆಲ್ಲ ಮುಗಿಸಿ ಹೋಗುವ ಹುಡುಗನ ಬಗ್ಗೆ ನಾನಾದರೆ ಧೈರ್ಯವಾಗಿರುತ್ತೇನೆ.

ಪ್ರಶ್ನೆ: ಮೆಕ್ಕೆಜೋಳ ಹಾಕಿದ್ದೇನೆ. ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿ ಹಿಂಡು ಬಂದು ಒಂದೇ ರಾತ್ರಿ ನೆಲಸಮ ಮಾಡುತ್ತದೆ. ತೀರಿಹೋದ ಅಪ್ಪನ ಲೈಸೆನ್ಸ್ ಕೋವಿ ಮನೆಯಲ್ಲಿದೆ. ಹೊಡೆದರೆ ತಪ್ಪೇ?
— ಓದುಗರು, ಜಗಳೂರು ತಾಲ್ಲೂಕು

ನಿಮ್ಮ ಹೊಟ್ಟೆಯ ಸಂಕಟ ಸುಳ್ಳಲ್ಲ ಅಣ್ಣ. ಆದರೂ ಹೊಡೆಯಬೇಡಿ. ಮೊದಲು ಆ ಕೋವಿಯ ವಿಷಯ ಮುಗಿಸಿ. ಲೈಸೆನ್ಸ್ ಇದ್ದದ್ದು ನಿಮ್ಮ ತಂದೆಗೆ, ನಿಮಗಲ್ಲ. ಅವರು ಹೋದ ಮೇಲೆ ಅದು ಮನೆಯಲ್ಲಿರುವುದೇ ತಪ್ಪು. ಪೊಲೀಸ್ ಠಾಣೆಗೆ ಜಮಾ ಮಾಡಿ ರಸೀದಿ ತಗೊಳ್ಳಿ, ಬೇಕಿದ್ದರೆ ನಿಮ್ಮ ಹೆಸರಿಗೆ ಅರ್ಜಿ ಹಾಕಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹೊಡೆಯುವುದು ಮಾತ್ರ ಅಲ್ಲ. ಬಲೆ ಹಾಕುವುದು, ಉರುಳು ಒಡ್ಡುವುದು, ಅದಕ್ಕೆ ಪ್ರಯತ್ನ ಪಡುವುದು ಎಲ್ಲ ಸೇರುತ್ತದೆ. ಹಂದಿ ಕಾಟ ತಡೆಯಲಾಗದಿದ್ದರೆ ಅಧಿಕಾರ ಇರುವ ಅರಣ್ಯಾಧಿಕಾರಿ ಬರಹದಲ್ಲಿ ಅನುಮತಿ ಕೊಡಬಹುದು, ಅದೊಂದೇ ದಾರಿ. ಉರುಳು ಒಡ್ಡಿದರೆ ಹಂದಿಯೇ ಬೀಳುತ್ತದೆ ಅಂತ ಯಾರು ಹೇಳಿದರು? ಚಿರತೆ ಬೀಳುತ್ತದೆ, ಕರಡಿ ಬೀಳುತ್ತದೆ. ನಾನು ನೋಡಿದ ಒಂದು ಉರುಳಿನಲ್ಲಿ ಪಕ್ಕದ ಹೊಲದವರ ನಾಯಿ ಇತ್ತು, ಸೊಂಟದ ತನಕ ತಂತಿ ಇಳಿದಿತ್ತು. ತಿನಿಸಿನಲ್ಲಿ ಅಡಗಿಸಿಡುವ ಸಿಡಿಮದ್ದು ಇನ್ನೂ ಕೆಟ್ಟದ್ದು, ದನದ ಬಾಯೇ ಹಾರಿಹೋಗುತ್ತದೆ. ಲೈನಿನಿಂದ ನೇರ ಕರೆಂಟ್ ಎಳೆದು ಬೇಲಿಗೆ ಬಿಡುವವರಿಗೆ ಕೈ ಮುಗಿದು ಕೇಳುತ್ತೇನೆ, ಬಿಡಿ. ರಾತ್ರಿ ನೀರು ಹಾಯಿಸಲು ಹೋದ ಮನುಷ್ಯರೇ ಅದಕ್ಕೆ ಸಿಕ್ಕಿ ಸಾಯುತ್ತಾರೆ. ಸೋಲಾರ್ ಬೇಲಿ ಬೇರೆ, ಅದು ಬಿಟ್ಟುಬಿಟ್ಟು ಸಣ್ಣ ಹೊಡೆತ ಕೊಡುತ್ತದೆ, ಕೊಲ್ಲಲ್ಲ. ಬೆಳೆ ಹಾಳಾದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದು, ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಪರಿಹಾರಕ್ಕೆ ಅರ್ಜಿ ಕೊಡಿ. ಹಣ ನಷ್ಟದಷ್ಟು ಬರಲ್ಲ, ನಿಜ. ಅರ್ಜಿಯೇ ಕೊಡದಿದ್ದರೆ ನಿಮ್ಮ ಊರಲ್ಲಿ ಹಂದಿ ಕಾಟ ಇದೆ ಅಂತ ದಾಖಲೆಯೇ ಇರಲ್ಲ, ಅಲ್ವಾ?

ಪ್ರಶ್ನೆ: ಏರ್‌ಗನ್ನಿಗೆ ಲೈಸೆನ್ಸ್ ಬೇಡವಂತೆ. ಗೌಜಲಹಕ್ಕಿ ಹೊಡೆಯಬಹುದಾ?
— ಓದುಗರು, ಚಳ್ಳಕೆರೆ

ಇಲ್ಲ. ಲೈಸೆನ್ಸ್ ಬೇಡದ ಏರ್‌ಗನ್ ಇದೆ, ಅದರಲ್ಲಿ ಡಬ್ಬಿಗೆ ಗುರಿ ಇಡಿ. ಹಕ್ಕಿಗೆ ಇಟ್ಟರೆ ಅದೂ ಬೇಟೆಯೇ.

ಪ್ರಶ್ನೆ: ಬೈನಾಕ್ಯುಲರ್ ತಗೋಬೇಕು. 8x42 ಒಳ್ಳೆಯದಾ, 10x42 ಒಳ್ಳೆಯದಾ? ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ನೋಡುವ ಆಸೆ.
— ಓದುಗರು, ಹೊಳಲ್ಕೆರೆ

ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತರುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. 8x42ಕ್ಕೆ 5.25 ಬರುತ್ತದೆ, 10x42ಕ್ಕೆ 4.2. ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಅದು. ಮುಸ್ಸಂಜೆಯಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗುತ್ತದೆ, ಆಗ ದಪ್ಪ ಕಂಬ ಇರುವುದೇ ಗೆಲ್ಲುತ್ತದೆ. ಕೊಂಡುಕುರಿ ಹೊರಬರುವುದೂ ಹೆಚ್ಚಾಗಿ ಬೆಳಗಿನ ಜಾವ, ಸಂಜೆ. ಮೇಲಾಗಿ ಗುಡ್ಡ ಹತ್ತಿ ಏದುಸಿರು ಬಿಡುವಾಗ ಹತ್ತು ಪಟ್ಟಿನದು ಕೈಯಲ್ಲಿ ಕುಣಿಯುತ್ತದೆ. ನಾನು ಎಂಟೇ ಅನ್ನುತ್ತೇನೆ.

ಮಧ್ಯಾಹ್ನದ ಬಿಸಿಲಲ್ಲಿ ಅಂಗಡಿ ಮುಂದೆ ನಿಂತು ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಆದ್ದರಿಂದ ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ ಬೇಕು. ನಮ್ಮ ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರದ ರೆಕ್ಕೆಯ ಅಂಚು ನೋಡಿ. ಬಿಳಿ ಅಂಚಿನ ಸುತ್ತ ನೇರಳೆ ಹಸಿರು ಬಣ್ಣ ಕಂಡರೆ ಗಾಜು ಸಾಧಾರಣದ್ದು. ಎರಡು ಕಣ್ಣಿನ ಚಿತ್ರ ಒಂದಾಗದೆ ತಲೆ ಸಿಡಿದರೆ ವಾಪಸ್ ಕೊಡಿ.

ಕೊಂಡುಕುರಿಗೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ವನ್ಯಧಾಮವೇ ಜಾಗ, 2011ರಲ್ಲಿ ಅದಕ್ಕೆಂದೇ ಘೋಷಿಸಿದ್ದು. ಗಂಡಿಗೆ ನಾಲ್ಕು ಕೊಂಬು, ಮುಂದಿನ ಎರಡು ಗಿಡ್ಡ. ಆಡಿನಷ್ಟೇ ಗಾತ್ರ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

ಪ್ರಶ್ನೆ: ನನಗೀಗ 74. ಹುಡುಗನಾಗಿದ್ದಾಗ ಯುಗಾದಿ ಬೇಟೆಗೆ ಬಲೆ ಹೊತ್ತು ಹೋದವನು. ಮೊಮ್ಮಗ "ತಾತ, ನಂಗೂ ಬೇಟೆ ಕಲಿಸು" ಅನ್ನುತ್ತಾನೆ. ಏನು ಹೇಳಲಿ?
— ಓದುಗರು, ಮೊಳಕಾಲ್ಮೂರು

ಹೂಂ ಅನ್ನಿ ಯಜಮಾನ್ರೇ. ಬಲೆ, ಕೋವಿ ಬಿಟ್ಟು ಉಳಿದಿದ್ದೆಲ್ಲ ಕಲಿಸಿ. ನಿಮ್ಮ ತಲೆಮಾರಿನ ಜೊತೆ ಹೋಗಿಬಿಡುವುದು ಅದೇ, ಜಾಡು ಓದುವ ವಿದ್ಯೆ. ನಮ್ಮ ತಾತ ಒಂದು ಮುಷ್ಟಿ ಧೂಳು ಮೇಲಕ್ಕೆ ತೂರಿ ಗಾಳಿ ಯಾವ ಕಡೆಗೆ ಅಂತ ನೋಡಿಯೇ ಹೆಜ್ಜೆ ಇಡುತ್ತಿದ್ದರು. ಅವರು ಇನ್ನೂ ಏನೇನು ಬಲ್ಲವರಾಗಿದ್ದರೋ, ನಾನು ಕೇಳಿಕೊಳ್ಳಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ. ನಿಮ್ಮ ಮೊಮ್ಮಗ ತಾನಾಗಿ ಕೇಳುತ್ತಿದ್ದಾನೆ.

ಚಿರತೆ ಹೆಜ್ಜೆಯಲ್ಲಿ ಉಗುರು ಮೂಡುವುದಿಲ್ಲ, ನಾಯಿಯದರಲ್ಲಿ ಮೂಡುತ್ತದೆ, ತೋರಿಸಿ. ಕರಡಿಯ ಹಿಂಗಾಲು ಮನುಷ್ಯರ ಪಾದದ ಹಾಗೇ ಇರುತ್ತದೆ, ಮುಂದೆ ಉದ್ದ ಉಗುರು. ಅಗೆದ ಹುತ್ತ ಕಂಡರೆ ಅಲ್ಲಿಂದ ಹಿಂದಕ್ಕೆ ಬನ್ನಿ. ಕೊಂಡುಕುರಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ, ಹಳೆಯದರ ಮೇಲೆ ಹೊಸದು ಬಿದ್ದಿದ್ದರೆ ಪ್ರಾಣಿ ಇನ್ನೂ ಅಲ್ಲೇ ಇದೆ. ಕಾಡಲ್ಲಿ ಜಿಂಕೆಯ ಉದುರಿದ ಕೊಂಬು ಸಿಕ್ಕರೆ ಹುಡುಗ ಮುಟ್ಟಿ ನೋಡಲಿ, ಮನೆಗೆ ತರಬೇಡಿ, ಕಾನೂನಿನಲ್ಲಿ ಅದು ಸರ್ಕಾರದ್ದು.

ಮೊದಲ ಪಾಠಕ್ಕೆ ಕಾಡೂ ಬೇಡ. ಒಳ್ಳೆ ಮಳೆ ಬಿದ್ದ ಮಾರನೇ ದಿನ ಬಿಸಿಲೇರುವ ಮುಂಚೆ ನಿಮ್ಮೂರ ಕೆರೆ ಅಂಗಳಕ್ಕೆ ಕರೆದುಕೊಂಡು ಹೋಗಿ. ಮೆತ್ತನೆ ಮಣ್ಣಲ್ಲಿ ರಾತ್ರಿ ಬಂದವರೆಲ್ಲ ಹೆಜ್ಜೆ ಬಿಟ್ಟಿರುತ್ತಾರೆ, ಮೊಲ, ನರಿ, ಮುಂಗುಸಿ. ಒಂದೊಂದರ ಪಕ್ಕ ಕಡ್ಡಿ ಇಟ್ಟು ಅಳೆದು ನೋಟ್‌ಬುಕ್ಕಿನಲ್ಲಿ ಅವನೇ ಬರೆಯಲಿ. ಏನೇನು ಸಿಕ್ಕಿತು ಅಂತ ನಮಗೂ ತಿಳಿಸಿ.