ಮಡಚಿದ ಸೈಕಲ್ ನೆಲ ಕಚ್ಚಿ ನಿಂತರೆ

ಪ್ರಶ್ನೆ: ಈಚೆಗೆ ಪರಿಚಯದವರಿಂದ ಹಳೆಯ ಬ್ರಾಂಪ್ಟನ್ ಮಡಚುವ ಸೈಕಲ್ ಕೊಂಡೆ. ಹಿಂದಿನ ಕ್ಯಾರಿಯರ್ ಇಲ್ಲ. ಕಚೇರಿಯ ಬಾಗಿಲಿನಿಂದ ಲಿಫ್ಟಿನವರೆಗೆ ಅದನ್ನು ಮಡಚಿ ತಳ್ಳಿಕೊಂಡು ಹೋಗೋಣವೆಂದರೆ, ಅಡಿಯಲ್ಲಿ ಪುಟ್ಟ ರೋಲರ್‌ಗಳಿದ್ದರೂ ಉರುಳುವುದಿಲ್ಲ. ಬಲವಂತವಾಗಿ ಎಳೆದರೆ ಟೈಲ್ಸ್ ಮೇಲೆ ಕಪ್ಪು ಗೆರೆ ಬೀಳುತ್ತದೆ. ಸುಮಾರು 12 ಕಿಲೋ ಭಾರವನ್ನು ದಿನವೂ ಹೊತ್ತೇ ಸಾಗಬೇಕೆ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಹೊರಬೇಕಿಲ್ಲ. ರೋಲರ್ ಬದಲಿಸುವ ಮೊದಲು ಸೈಕಲ್ಲನ್ನು ಮಡಚಿ ನಿಲ್ಲಿಸಿ, ಬಗ್ಗಿ ಅದರ ಅಡಿಯನ್ನೊಮ್ಮೆ ನೋಡಿ. ಸೀಟನ್ನು ಪೂರ್ತಿ ಇಳಿಸಿದಾಗ ಅದರ ಕೊಳವೆಯ ಕೆಳತುದಿ ಚೌಕಟ್ಟಿನಿಂದ ಹೊರಬಂದು ನೆಲ ಮುಟ್ಟುತ್ತದೆ. ಆ ತುದಿಗೆ ರಬ್ಬರಿನ ಬಿರಡೆಯೊಂದಿದೆ. ನಿಂತ ಸೈಕಲ್ ಜಾರದಿರಲೆಂದೇ ಇಟ್ಟಿರುವ ಬ್ರೇಕು ಅದು. ನೀವು ಬ್ರೇಕ್ ಹಾಕಿಕೊಂಡೇ ಎಳೆಯುತ್ತಿದ್ದೀರಿ, ಕಪ್ಪು ಗೆರೆಯೂ ಬಹುಶಃ ಅದರದೇ.

ಸೀಟಿನ ಕ್ಲ್ಯಾಂಪ್ ಸಡಿಲಿಸಿ, ಬಿರಡೆ ನೆಲ ಬಿಡುವಷ್ಟು, ಎಂದರೆ ಒಂದಂಗುಲದಷ್ಟು ಮಾತ್ರ ಸೀಟನ್ನು ಮೇಲೆತ್ತಿ ಮತ್ತೆ ಬಿಗಿ ಮಾಡಿ. ಹಿಡಿಯಲು ಅನುಕೂಲವೆಂದು ಅದನ್ನು ತೀರಾ ಎತ್ತರಿಸಬೇಡಿ: ಕೆಳಗಿಳಿದ ಸೀಟಿನ ಕೊಳವೆಯೇ ಮಡಿಕೆಗೆ ಅಗುಳಿಯಾದ್ದರಿಂದ, ಅದು ಮೇಲೆ ಸರಿದರೆ, ಎತ್ತಿದ ಕೂಡಲೇ ಹಿಂಚಕ್ರ ತೆರೆದುಕೊಂಡು ಮೊಣಕಾಲಿಗೆ ಬಡಿಯಬಹುದು.

ಇಷ್ಟಾದರೂ ಅದು ಸೂಟ್‌ಕೇಸಿನಂತೆ ಹಿಂದೆ ಹಿಂದೆ ಬರುತ್ತದೆಂದು ನಿರೀಕ್ಷಿಸಬೇಡಿ. ಕ್ಯಾರಿಯರ್ ಇಲ್ಲದ ಮಾದರಿಯಲ್ಲಿ ರೋಲರ್‌ಗಳು ಕಿರಿದಾದ ಜಾಗದಲ್ಲಿ ಒತ್ತೊತ್ತಾಗಿರುವುದರಿಂದ ತಿರುವಿನಲ್ಲಿ ಸೈಕಲ್ ವಾಲುತ್ತದೆ. ಸೀಟು ಹಿಡಿದು, ಮೈಗೆ ಹತ್ತಿರವಿಟ್ಟುಕೊಂಡು, ನಿಧಾನವಾಗಿ ತಳ್ಳುವುದೇ ಸರಿ. ಕ್ಯಾರಿಯರ್ ಇದ್ದರೆ ನಾಲ್ಕು ರೋಲರ್‌ಗಳು ಅಗಲವಾಗಿ ಊರುವುದರಿಂದ ಹ್ಯಾಂಡಲನ್ನು ಮಾತ್ರ ಬಿಚ್ಚಿ ನಿಲ್ಲಿಸಿ ತಳ್ಳುಗಾಡಿಯಂತೆ ನಡೆಸಬಹುದು. ದಿನಕ್ಕೆ ನೂರು ಹೆಜ್ಜೆಯ ದಾರಿಗಾಗಿ ಕ್ಯಾರಿಯರ್ ಕೊಳ್ಳುವುದು ನನಗೇನೋ ದುಂದೆನಿಸುತ್ತದೆ; ತುಸು ದೊಡ್ಡ ರೋಲರ್‌ಗಳು ಬಿಡಿಯಾಗಿ ಸಿಗುತ್ತವೆ, ಅವು ಟೈಲ್ಸ್ ಸಂದುಗಳನ್ನು ಸಲೀಸಾಗಿ ದಾಟುತ್ತವೆ.

ಹೊಸ್ತಿಲು ಮತ್ತು ಲಿಫ್ಟ್ ಬಾಗಿಲಿನ ಸಂದಿನಲ್ಲಿ ಮಾತ್ರ ಎತ್ತಿಯೇ ದಾಟಿಸಿ. ಮಳೆಯಲ್ಲಿ ಬಂದ ದಿನ ರೋಲರ್‌ಗಳನ್ನೂ ಒರೆಸಿ. ಹೀಗೆ ಮಡಚಿದಾಗ ಟೈರುಗಳು ನೆಲ ಮುಟ್ಟುವುದಿಲ್ಲವಾದರೂ ರೋಲರಿಗೆ ಮೆತ್ತಿದ ಮರಳು ಟೈಲ್ಸನ್ನು ಗೀರುತ್ತದೆ. ಲಿಫ್ಟಿನೊಳಗೆ ಹೋದ ಮೇಲೆ ಸೀಟನ್ನು ಪೂರ್ತಿ ಇಳಿಸಿಬಿಡಿ. ಈವರೆಗೆ ಕಾಡಿದ ಆ ಬಿರಡೆ ಅಲ್ಲಿ ಕೆಲಸಕ್ಕೆ ಬರುತ್ತದೆ.