ಮುಚ್ಚಿದ ಎಲೆ, ತೆರೆದ ಎಲೆ: ಪೋಕರ್ ಕುರಿತ ಓದುಗರ ಪ್ರಶ್ನೆಗಳು

ಮಳೆಗಾಲ ಹಿಡಿದ ಮೇಲೆ ಮಲೆನಾಡಿನ ಜಗಲಿಗಳಲ್ಲಿ ಇಸ್ಪೀಟಿನ ಕಟ್ಟು ಹೊರಬರುವುದು ಹೊಸ ಸಂಗತಿಯಲ್ಲ. ಈ ಸಲ ನಮಗೆ ಬಂದ ಪತ್ರಗಳಲ್ಲಿ ಇಪ್ಪತ್ತೆಂಟು, ರಮ್ಮಿ ಎಂಬ ಆಟಗಳಿಗಿಂತ ಪೋಕರ್ ಬಗ್ಗೆ ಕೇಳಿದವೇ ಹೆಚ್ಚು. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಡಿಕೆ ಸುಗ್ಗಿ ಮುಗಿದ ಮೇಲೆ ನೆಂಟರು ಸೇರಿದಾಗ ಮೂರೆಲೆ ಆಡುವುದುಂಟು. ಈಚೆಗೆ ಬೆಂಗಳೂರಿನಿಂದ ಬಂದ ನಮ್ಮ ಅಳಿಯಂದಿರು ಪೋಕರ್ ಕಲಿಸಿದರು. ಮೂರೆಲೆಯಲ್ಲಿ ಸೀಕ್ವೆನ್ಸ್ (ಒಂದರ ಮೇಲೊಂದು ಬೆಲೆಯ ಎಲೆಗಳು) ಇದ್ದವರು ಕಲರ್ (ಎಲ್ಲವೂ ಒಂದೇ ಜಾತಿಯ ಎಲೆಗಳು) ಇದ್ದವರನ್ನು ಗೆಲ್ಲುತ್ತಾರೆ. ಪೋಕರ್‌ನಲ್ಲಿ ಕಲರ್ ದೊಡ್ಡದು ಎಂದು ಅವರು ಹೇಳುತ್ತಾರೆ. ಯಾವುದು ಸರಿ?
— ಕೃಷಿಕರೊಬ್ಬರು, ತೀರ್ಥಹಳ್ಳಿ

ಉತ್ತರ: ಎರಡೂ ಸರಿ. ಯಾವುದು ಅಪರೂಪವೋ ಅದು ದೊಡ್ಡದು ಎಂಬ ಒಂದೇ ನಿಯಮವನ್ನು ಎರಡೂ ಆಟಗಳು ಪಾಲಿಸುತ್ತವೆ. ವ್ಯತ್ಯಾಸ ಹುಟ್ಟುವುದು ಕೈಯಲ್ಲಿರುವ ಎಲೆಗಳ ಸಂಖ್ಯೆಯಿಂದ. 52 ಎಲೆಗಳ ಕಟ್ಟಿನಿಂದ ಮೂರು ಎಲೆಗಳನ್ನು 22,100 ಬಗೆಯಲ್ಲಿ ಆರಿಸಬಹುದು. ಅವುಗಳಲ್ಲಿ ಕಲರ್ 1,096, ಸೀಕ್ವೆನ್ಸ್ 720. ಐದು ಎಲೆಗಳನ್ನು 25,98,960 ಬಗೆಯಲ್ಲಿ ಆರಿಸಬಹುದು; ಅಲ್ಲಿ ಕಲರ್ 5,108 ಮಾತ್ರ, ಸೀಕ್ವೆನ್ಸ್ 10,200.

ಹೀಗೇಕೆ ತಿರುವುಮುರುವಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಚೆಂದ. ಏಳು, ಎಂಟು, ಒಂಬತ್ತು ಎಂಬ ಮೂರೆಲೆಯ ಸೀಕ್ವೆನ್ಸಿನಲ್ಲಿ ಪ್ರತಿ ಎಲೆಯೂ ನಾಲ್ಕು ಜಾತಿಗಳಲ್ಲಿ ಯಾವುದಾದರೂ ಆಗಬಹುದಾದ್ದರಿಂದ ಅದನ್ನು 64 ಬಗೆಯಲ್ಲಿ ಕಟ್ಟಬಹುದು. ಎಲೆಗಳು ಐದಾದರೆ ಬಗೆಗಳು 1,024ಕ್ಕೆ ಏರುತ್ತವೆ, ಅಂದರೆ ಹದಿನಾರು ಪಟ್ಟು. ಕಲರ್ ಹಾಗಲ್ಲ. ಒಂದೇ ಜಾತಿಯ 13 ಎಲೆಗಳಿಂದ ಮೂರನ್ನು ಆರಿಸಲು 286 ದಾರಿಗಳಿವೆ, ಐದನ್ನು ಆರಿಸಲು 1,287. ಇದು ಐದು ಪಟ್ಟೂ ಆಗಲಿಲ್ಲ. ಆದ್ದರಿಂದ ಐದೆಲೆಯ ಆಟದಲ್ಲಿ ಕಲರ್ ಹಿಂದೆ ಬಿದ್ದು ಅಪರೂಪವಾಗುತ್ತದೆ.

ಪೋಕರ್‌ನ ಪೂರ್ಣ ಶ್ರೇಣಿ ಮೇಲಿನಿಂದ ಹೀಗಿದೆ: ಒಂದೇ ಜಾತಿಯ ಸೀಕ್ವೆನ್ಸ್ (ಹತ್ತರಿಂದ ಎಕ್ಕದವರೆಗಿನದನ್ನು ರಾಯಲ್ ಫ್ಲಶ್ ಎನ್ನುತ್ತಾರೆ), ಒಂದೇ ಬೆಲೆಯ ನಾಲ್ಕು ಎಲೆ, ಒಂದು ಮೂರರ ಗುಂಪು ಮತ್ತು ಒಂದು ಜೋಡಿ ಸೇರಿದ ಫುಲ್ ಹೌಸ್, ಕಲರ್, ಸೀಕ್ವೆನ್ಸ್, ಒಂದೇ ಬೆಲೆಯ ಮೂರು, ಎರಡು ಜೋಡಿ, ಒಂದು ಜೋಡಿ, ಕೊನೆಗೆ ಬರಿಯ ದೊಡ್ಡ ಎಲೆ. ಮೂರೆಲೆಯ ರೂಢಿಯಲ್ಲಿ ಎಕ್ಕ, ಎರಡು, ಮೂರು ಎಂಬ ಸೀಕ್ವೆನ್ಸಿಗೆ ಎರಡನೆಯ ಸ್ಥಾನವಿದೆಯಷ್ಟೆ. ಪೋಕರ್‌ನಲ್ಲಿ ಎಕ್ಕದಿಂದ ಐದರವರೆಗಿನದು ಸೀಕ್ವೆನ್ಸುಗಳಲ್ಲೆಲ್ಲ ಚಿಕ್ಕದು. ಮತ್ತೊಂದು ಸಂಗತಿಯನ್ನು ನೆನಪಿಡಬೇಕು. ಪೋಕರ್‌ನಲ್ಲಿ ಇಸ್ಪೇಟು, ಆಟೀನು, ಡೈಮಂಡು, ಕ್ಲಾವರುಗಳ ನಡುವೆ ಮೇಲುಕೀಳಿಲ್ಲ. ಇಬ್ಬರ ಐದೆಲೆಗಳು ಬೆಲೆಯಲ್ಲಿ ಸಮವಾದರೆ ನಡುವೆ ಕೂಡಿದ ಪಣದ ರಾಶಿಯನ್ನು ಸಮನಾಗಿ ಹಂಚಿಕೊಳ್ಳಬೇಕೇ ಹೊರತು, ಮೂರೆಲೆಯಲ್ಲಿರುವಂತೆ ಶೋ (ಎಲೆ ತೋರಿಸಿ ಎಂದು) ಕೇಳಿದವರು ಸೋತರೆಂದು ತೀರ್ಮಾನಿಸುವಂತಿಲ್ಲ.

ಪ್ರಶ್ನೆ: ಟೆಕ್ಸಸ್ ಹೋಲ್ಡೆಮ್ ಎಂಬುದೇ ಎಲ್ಲರ ಬಾಯಲ್ಲಿದೆ. ಅದನ್ನು ಆಡುವ ಕ್ರಮವನ್ನು ಮೊದಲಿನಿಂದ ವಿವರಿಸುವಿರಾ?
— ಗಣಿತದ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಪೋಕರ್‌ನ ಪ್ರಭೇದಗಳೆಲ್ಲ ಬಹುಮಟ್ಟಿಗೆ ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು: ಎಷ್ಟು ಎಲೆಗಳು ಮುಚ್ಚಿರಬೇಕು, ಎಷ್ಟು ಎಲ್ಲರಿಗೂ ಕಾಣಬೇಕು? ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರಿಗೂ ಮುಚ್ಚಿದ ಎಲೆಗಳು ಎರಡು. ಎಲ್ಲರಿಗೂ ಸೇರಿದ ತೆರೆದ ಎಲೆಗಳು ಐದು. ಈ ಏಳರಲ್ಲಿ ಅತ್ಯುತ್ತಮವಾದ ಐದು ಎಲೆಗಳೇ ಪ್ರತಿಯೊಬ್ಬರ ಕೈ ಎಂದು ಲೆಕ್ಕಕ್ಕೆ ಬರುತ್ತವೆ.

ಎಲೆ ಹಂಚುವ ಸರದಿಯನ್ನು ತೋರಿಸಲು ಬಟನ್ ಎಂಬ ಬಿಲ್ಲೆಯೊಂದು ಪ್ರತಿ ಆಟದಲ್ಲೂ ಒಬ್ಬರಿಂದ ಮುಂದಿನವರಿಗೆ ಸಾಗುತ್ತದೆ. ಬಟನ್‌ನ ಎಡಕ್ಕೆ ಕುಳಿತ ಇಬ್ಬರು ಎಲೆ ನೋಡುವ ಮೊದಲೇ ಚಿಕ್ಕ ಬ್ಲೈಂಡ್ ಮತ್ತು ಅದರ ಎರಡರಷ್ಟಿರುವ ದೊಡ್ಡ ಬ್ಲೈಂಡ್ ಎಂಬ ಪಣಗಳನ್ನು ಇಡುತ್ತಾರೆ. ಮೂರೆಲೆಯಲ್ಲಿ ಬ್ಲೈಂಡ್ ಆಡುವುದು ಆಟಗಾರನ ಇಷ್ಟ. ಇಲ್ಲಿ ಅದು ಸರದಿಯಂತೆ ಬರುವ ಕಡ್ಡಾಯ. ಬಳಿಕ ಎಡಕ್ಕಿರುವವರು ಒಬ್ಬೊಬ್ಬರಾಗಿ ಹಿಂದಿನವರಷ್ಟೇ ಇಟ್ಟು ಮುಂದುವರಿಯಬಹುದು, ಏರಿಸಬಹುದು, ಇಲ್ಲವೇ ಎಲೆ ಕೆಳಗಿಟ್ಟು ಹೊರಬೀಳಬಹುದು. ಉಳಿದವರೆಲ್ಲರ ಪಾಲು ಸಮವಾದ ಕೂಡಲೇ ಸುತ್ತು ಮುಗಿಯಿತು. ಮೂರೆಲೆಗೂ ಪೋಕರ್‌ಗೂ ಇರುವ ದೊಡ್ಡ ಅಂತರ ಇದೇ. ಮೂರೆಲೆಯಲ್ಲಿ ಶೋ ಆಗುವವರೆಗೆ ಇಡುತ್ತಲೇ ಹೋಗಬೇಕಾಗುತ್ತದೆ, ನೋಡಿ ಆಡುವವರಂತೂ ಬ್ಲೈಂಡ್ ಆಡುವವರ ಎರಡರಷ್ಟು ಇಡಬೇಕಾಗುತ್ತದೆ.

ಮೊದಲ ಸುತ್ತು ಮುಗಿದ ಮೇಲೆ ಮೇಲಿನ ಒಂದೆಲೆಯನ್ನು ಮುಚ್ಚಿ ಬದಿಗಿರಿಸಿ, ಮೂರು ಎಲೆಗಳನ್ನು ಒಟ್ಟಿಗೆ ತೆರೆಯುತ್ತಾರೆ. ಇದು ಫ್ಲಾಪ್. ಮತ್ತೊಂದು ಸುತ್ತು ಪಣ, ನಾಲ್ಕನೆಯ ಎಲೆ, ಇನ್ನೊಂದು ಸುತ್ತು, ಐದನೆಯ ಎಲೆ, ಕಡೆಯ ಸುತ್ತು. ನಾಲ್ಕನೆಯದನ್ನು ಟರ್ನ್, ಐದನೆಯದನ್ನು ರಿವರ್ ಎನ್ನುತ್ತಾರೆ. ಈ ಸುತ್ತುಗಳಲ್ಲಿ ಬಟನ್‌ನ ಎಡಕ್ಕಿರುವವರು ಮೊದಲು ಮಾತಾಡಬೇಕು. ಬಟನ್ ಇರುವವರು ಎಲ್ಲರ ನಡೆಯನ್ನೂ ಕಂಡ ಬಳಿಕ ತೀರ್ಮಾನಿಸುವುದರಿಂದ ಆ ಜಾಗಕ್ಕೆ ಬೆಲೆ ಹೆಚ್ಚು. ಆರಂಭಿಕರು ಎಲೆಯ ಬೆಲೆಯನ್ನಷ್ಟೇ ನೋಡಿ ಕುಳಿತ ಜಾಗದ ಬೆಲೆಯನ್ನು ಮರೆಯುತ್ತಾರೆ. ನಾನು ಕಂಡ ತಪ್ಪುಗಳಲ್ಲಿ ಇದೇ ಸಾಮಾನ್ಯವಾದದ್ದು.

ನೀವು ಗಣಿತ ಓದುತ್ತಿರುವುದರಿಂದ ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಕೈಯಲ್ಲಿ ಎರಡು ಆಟೀನು, ಫ್ಲಾಪಿನಲ್ಲಿ ಎರಡು ಆಟೀನು ಇವೆ ಎನ್ನಿ. ನೀವು ಕಾಣದ ಎಲೆಗಳು 47. ಅವುಗಳಲ್ಲಿ ಆಟೀನು ಒಂಬತ್ತು. ಮುಂದಿನ ಎಲೆಯಲ್ಲೇ ಕಲರ್ ಕೂಡುವ ಸಾಧ್ಯತೆ ಶೇ 19ರಷ್ಟು, ಉಳಿದ ಎರಡೂ ಎಲೆಗಳನ್ನು ಕಂಡರೆ ಶೇ 35ರಷ್ಟು. ನಡುವಿನ ರಾಶಿಯಲ್ಲಿ ಪಣವಾಗಿ ಇಟ್ಟ 100 ಹುಣಿಸೆ ಬೀಜಗಳಿದ್ದು ಎದುರಾಳಿ 50 ಇಟ್ಟರೆ, ನೀವು 50 ಇಟ್ಟು 200ರ ರಾಶಿಗೆ ಸ್ಪರ್ಧಿಸುತ್ತೀರಿ. ಅಂದರೆ ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲಬೇಕು. ಮುಂದಿನ ಒಂದೇ ಎಲೆಯನ್ನು ನಂಬಿದರೆ ಆ ಲೆಕ್ಕ ಕೂಡಿಬರುವುದಿಲ್ಲ. ಕಲರ್ ಆದ ಮೇಲೆ ಎದುರಾಳಿಯಿಂದ ಇನ್ನಷ್ಟು ಸಿಗುವ ಭರವಸೆಯಿದ್ದರೆ ಮಾತ್ರ ಮುಂದುವರಿಯುವುದು ಸರಿ. ಇಂಥ ತೂಗುವಿಕೆಯೇ ಹೋಲ್ಡೆಮ್‌ನ ಜೀವಾಳ. ಕೈಗೆ ಬರುವ ಎರಡೆಲೆಗಳ ಕೂಟಗಳು 1,326. ಎಕ್ಕದ ಜೋಡಿ ಬರುವುದು 221 ಸಲಕ್ಕೆ ಒಮ್ಮೆ. ಅದಕ್ಕಾಗಿ ಕಾಯುತ್ತ ಕುಳಿತವರು ಆಟವನ್ನೇ ಆಡಿದಂತಾಗುವುದಿಲ್ಲ.

ಇದು ಅಮೆರಿಕದ ಟೆಕ್ಸಸ್‌ನಲ್ಲಿ ಹುಟ್ಟಿದ ಆಟ. ಲಾಸ್ ವೇಗಸ್‌ನಲ್ಲಿ 1970ರಿಂದ ನಡೆಯುತ್ತಿರುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಯೂ ಇದೇ. 2003ರಲ್ಲಿ ಲೆಕ್ಕಪತ್ರದ ವೃತ್ತಿಯ ಕ್ರಿಸ್ ಮನಿಮೇಕರ್, ಆನ್‌ಲೈನ್ ಅರ್ಹತಾ ಸ್ಪರ್ಧೆಯ ಮೂಲಕ ಬಂದು ಆ ಪ್ರಶಸ್ತಿಯನ್ನು ಗೆದ್ದ ಬಳಿಕ ಆಟ ಜಗತ್ತಿನಾದ್ಯಂತ ಹಬ್ಬಿತು.

ಪ್ರಶ್ನೆ: ದೀಪಾವಳಿಗೆ ಮನೆಗೆ ಬಂದ ದೊಡ್ಡಪ್ಪನ ಮಕ್ಕಳೊಂದಿಗೆ ಓಮಹಾ ಎಂಬ ಪೋಕರ್ ಆಡುವಾಗ ಜಗಳವೇ ಆಯಿತು. ನಡುವೆ ಆಟೀನಿನ ಎರಡು, ಏಳು, ಒಂಬತ್ತು, ರಾಜ ಹಾಗೂ ಕ್ಲಾವರ್ ರಾಣಿ ಇದ್ದವು. ನನ್ನ ಕೈಯಲ್ಲಿ ಆಟೀನ್ ಎಕ್ಕ, ಇಸ್ಪೇಟ್ ಎಕ್ಕ, ಡೈಮಂಡ್ ಗುಲಾಮ, ಕ್ಲಾವರ್ ಐದು. ಅಣ್ಣನ ಕೈಯಲ್ಲಿ ಆಟೀನಿನ ಮೂರು ಮತ್ತು ನಾಲ್ಕು ಇದ್ದವು. ಎಕ್ಕದ ಕಲರ್ ನನ್ನದು ಎಂದರೆ ಅಣ್ಣ ಒಪ್ಪಲಿಲ್ಲ.
— ಗೃಹಿಣಿಯೊಬ್ಬರು, ಸಾಗರ

ಉತ್ತರ: ನಿಮ್ಮ ಅಣ್ಣನವರ ಮಾತು ಸರಿ. ಓಮಹಾದಲ್ಲಿ ಪ್ರತಿಯೊಬ್ಬರಿಗೂ ನಾಲ್ಕು ಮುಚ್ಚಿದ ಎಲೆಗಳು ಸಿಗುತ್ತವೆ; ಆದರೆ ಅವುಗಳಿಂದ ಎರಡನ್ನೇ, ನಡುವಿನ ಎಲೆಗಳಿಂದ ಮೂರನ್ನೇ ತೆಗೆದುಕೊಳ್ಳಬೇಕು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಿಮ್ಮ ಕೈಯಲ್ಲಿ ಆಟೀನು ಒಂದೇ ಇದ್ದುದರಿಂದ ನಡುವಿನ ಮೂರು ಆಟೀನುಗಳೊಂದಿಗೆ ಅದು ನಾಲ್ಕಾಯಿತೇ ವಿನಾ ಐದಾಗಲಿಲ್ಲ. ನಿಮಗೆ ಉಳಿದದ್ದು ಎಕ್ಕದ ಜೋಡಿ, ಅದರೊಂದಿಗೆ ರಾಜ, ರಾಣಿ, ಒಂಬತ್ತು. ನಿಮ್ಮ ಅಣ್ಣನವರಿಗೆ ರಾಜನಿಂದ ಆರಂಭವಾಗುವ ಕಲರ್ ಸಿಕ್ಕಿತು. ಅದೇ ಎರಡು ಎಕ್ಕಗಳನ್ನು ಹಿಡಿದು ನೀವು ಹೋಲ್ಡೆಮ್ ಆಡುತ್ತಿದ್ದಿದ್ದರೆ ನಡುವಿನ ನಾಲ್ಕೂ ಆಟೀನುಗಳನ್ನು ಬಳಸಬಹುದಾಗಿತ್ತು, ಗೆಲುವು ನಿಮ್ಮದಾಗುತ್ತಿತ್ತು. ಹೋಲ್ಡೆಮ್‌ನಿಂದ ಬಂದವರು ಓಮಹಾದಲ್ಲಿ ಎಡವುವುದು ಬಹುಪಾಲು ಇಲ್ಲೇ; ಬೇಸರಪಡಬೇಡಿ.

ನಾಲ್ಕು ಎಲೆಗಳಿಂದ ಎರಡರ ಕೂಟಗಳು ಆರು ಆಗುತ್ತವೆ. ಹೀಗಾಗಿ ಓಮಹಾದಲ್ಲಿ ಗೆಲ್ಲುವ ಕೈಗಳು ಹೋಲ್ಡೆಮ್‌ಗಿಂತ ದೊಡ್ಡವಾಗಿರುತ್ತವೆ, ಎರಡು ಜೋಡಿಯನ್ನು ನಂಬಿ ಕೊನೆಯವರೆಗೆ ಹೋಗುವುದು ಅಪಾಯ. ಬಹುಶಃ ಇದೇ ಕಾರಣಕ್ಕೆ ಈ ಆಟದಲ್ಲಿ ರಾಶಿಯಲ್ಲಿರುವುದಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂಬ ಮಿತಿ ರೂಢಿಯಲ್ಲಿದೆ.

ಪ್ರಶ್ನೆ: ಇಪ್ಪತ್ತೆಂಟನ್ನು ನಲವತ್ತು ವರ್ಷಗಳಿಂದ ಆಡುತ್ತಿದ್ದೇನೆ. ನನ್ನಂಥವರಿಗೆ ಹೊಂದುವ ಪೋಕರ್ ಯಾವುದು?
— ನಿವೃತ್ತ ಶಿಕ್ಷಕರು, ಹೊಸನಗರ

ಉತ್ತರ: ಸೆವೆನ್ ಕಾರ್ಡ್ ಸ್ಟಡ್. ಇಪ್ಪತ್ತೆಂಟರಲ್ಲಿ ಯಾವ ಗುಲಾಮ ಬಿದ್ದ, ಯಾವ ಒಂಬತ್ತು ಇನ್ನೂ ಕೈಯಲ್ಲಿದೆ, ತುರುಪು ಎಷ್ಟು ಹೋಯಿತು ಎಂದು ನೆನಪಿಡುವ ನಿಮ್ಮ ಅಭ್ಯಾಸ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸ್ಟಡ್‌ನಲ್ಲಿ ಎಲ್ಲರಿಗೂ ಸೇರಿದ ಎಲೆಗಳಿಲ್ಲ. ಮೊದಲು ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಹಾಗೂ ಒಂದು ತೆರೆದ ಎಲೆ ಸಿಗುತ್ತದೆ. ತೆರೆದ ಎಲೆ ಯಾರದು ಅತಿ ಚಿಕ್ಕದೋ ಅವರು ಪಣವನ್ನು ಆರಂಭಿಸಬೇಕು. ಬಳಿಕ ಒಂದೊಂದಾಗಿ ಮೂರು ತೆರೆದ ಎಲೆಗಳು, ಕೊನೆಗೊಂದು ಮುಚ್ಚಿದ ಎಲೆ. ಈ ಸುತ್ತುಗಳಲ್ಲಿ ತೆರೆದ ಎಲೆಗಳು ಯಾರವು ದೊಡ್ಡವೋ ಅವರು ಮೊದಲು ಮಾತಾಡುತ್ತಾರೆ. ಒಟ್ಟು ಐದು ಸುತ್ತು.

ನಿಮ್ಮ ಬಳಿ ಗುಲಾಮನ ಜೋಡಿಯಿದ್ದು, ಉಳಿದೆರಡು ಗುಲಾಮರು ಬೇರೆಯವರ ಮುಂದೆ ತೆರೆದು ಬಿದ್ದಿದ್ದರೆ ನಿಮ್ಮ ಜೋಡಿ ಮೂರಾಗುವ ಆಸೆ ಅಲ್ಲಿಗೇ ಮುಗಿಯಿತು. ಎಲೆ ಕೆಳಗಿಟ್ಟು ಹೊರಹೋದವರ ತೆರೆದ ಎಲೆಗಳನ್ನು ಮಗುಚಿಡುವುದರಿಂದ ಅವನ್ನೂ ನೆನಪಿಡಬೇಕು. ಎಂಟು ಮಂದಿ ಕುಳಿತು ಯಾರೂ ಹೊರಬೀಳದಿದ್ದರೆ 56 ಎಲೆಗಳು ಬೇಕಾಗುತ್ತವೆ, ಕಟ್ಟಿನಲ್ಲಿರುವುದು 52. ಹಾಗೊಮ್ಮೆ ಆದರೆ ಕೊನೆಯ ಎಲೆಯನ್ನು ನಡುವೆ ತೆರೆದಿಟ್ಟು ಎಲ್ಲರಿಗೂ ಸೇರಿದ್ದೆಂದು ಎಣಿಸುತ್ತಾರೆ. ಇದೇ ಆಟವನ್ನು ತಲೆಕೆಳಗು ಮಾಡಿದರೆ ರ‍್ಯಾಜ್. ಅಲ್ಲಿ ಅತಿ ಚಿಕ್ಕ ಕೈ ಗೆಲ್ಲುತ್ತದೆ, ಸೀಕ್ವೆನ್ಸ್ ಮತ್ತು ಕಲರ್ ಲೆಕ್ಕಕ್ಕಿಲ್ಲ, ಎಕ್ಕದಿಂದ ಐದರವರೆಗಿನದೇ ಶ್ರೇಷ್ಠ.

ಪ್ರಶ್ನೆ: ಮಕ್ಕಳೂ ದೊಡ್ಡವರೂ ಕೂಡಿ ಹಣವಿಲ್ಲದೆ ಆಡಬಹುದಾದ ಪೋಕರ್ ಇದೆಯೇ? ಮೊಬೈಲಿನಲ್ಲಿ ಹಣ ಕಟ್ಟಿ ಆಡುವವರನ್ನು ಕಂಡು ಭಯವಾಗುತ್ತದೆ.
— ತಾಯಿಯೊಬ್ಬರು, ಕೊಪ್ಪ

ಉತ್ತರ: ನಿಮ್ಮ ಭಯ ನ್ಯಾಯವಾದದ್ದು. ಕೌಶಲದ ಆಟವಾಗಲಿ, ಅದೃಷ್ಟದ ಆಟವಾಗಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನೂ ಅವುಗಳ ಜಾಹೀರಾತನ್ನೂ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಜೂಜಿನ ಅಡ್ಡೆಗಳ ವಿರುದ್ಧ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಮೊದಲಿನಿಂದಲೂ ಇದೆ. ಹಣವಿಟ್ಟು ಆಡುವುದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಆದರೆ ಪಣವೇ ಇಲ್ಲದ ಪೋಕರ್ ಸಪ್ಪೆಯಾಗುವುದು ನಿಜ. ಕಳೆದುಕೊಳ್ಳುವುದು ಏನೂ ಇಲ್ಲದಿದ್ದರೆ ಯಾರೂ ಎಲೆ ಕೆಳಗಿಡುವುದಿಲ್ಲ, ಆಗ ಅದು ಯಾರಿಗೆ ಒಳ್ಳೆಯ ಎಲೆ ಬಂತು ಎಂಬ ಪರೀಕ್ಷೆಯಷ್ಟೇ ಆಗುತ್ತದೆ. ಇದಕ್ಕೆ ಹುಣಿಸೆ ಬೀಜಗಳೇ ಸಾಕು. ಆದರೆ ಅವು ಎಣಿಸಿದಷ್ಟೇ ಇರಬೇಕು, ಮುಗಿದರೆ ಮತ್ತೆ ಕೊಡಬಾರದು.

ಮಕ್ಕಳಿಗೆ ಫೈವ್ ಕಾರ್ಡ್ ಡ್ರಾ ಸುಲಭ. ಎಲ್ಲರೂ ಒಂದೊಂದು ಬೀಜ ನಡುವೆ ಇಟ್ಟ ಮೇಲೆ ಪ್ರತಿಯೊಬ್ಬರಿಗೂ ಐದು ಮುಚ್ಚಿದ ಎಲೆಗಳು, ಒಂದು ಸುತ್ತು ಪಣ, ಬೇಡದ ಎಲೆಗಳನ್ನು ಕೊಟ್ಟು ಅಷ್ಟೇ ಹೊಸದನ್ನು ಪಡೆಯುವುದು, ಮತ್ತೊಂದು ಸುತ್ತು, ಎಲೆ ತೋರಿಸುವುದು. ಇಲ್ಲಿ ತೆರೆದ ಎಲೆ ಒಂದೂ ಇಲ್ಲವಾದರೂ ಎದುರಿನವರು ಎಷ್ಟು ಬದಲಿಸಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಮೂರು ಬದಲಿಸಿದವರ ಬಳಿ ಬಹುಶಃ ಜೋಡಿಯಿದೆ. ಎರಡು ಬದಲಿಸಿದವರ ಬಳಿ ಒಂದೇ ಬೆಲೆಯ ಮೂರು ಇರಬಹುದು. ಒಂದನ್ನೇ ಬದಲಿಸಿದವರು ಎರಡು ಜೋಡಿ ಹಿಡಿದಿರಬಹುದು, ಇಲ್ಲವೇ ಕಲರಿಗೋ ಸೀಕ್ವೆನ್ಸಿಗೋ ಒಂದೆಲೆ ಕಾಯುತ್ತಿರಬಹುದು. ಒಂದನ್ನೂ ಬದಲಿಸದವರ ಕೈ ಒಂದೋ ತುಂಬಿದೆ, ಇಲ್ಲವೇ ಅವರು ಹೆದರಿಸುತ್ತಿದ್ದಾರೆ. ಐದು ಮಂದಿಯಿದ್ದರೆ ತಲೆಗೆ 50 ಬೀಜ ಕೊಟ್ಟು, ಒಮ್ಮೆಗೆ ಐದಕ್ಕಿಂತ ಹೆಚ್ಚು ಏರಿಸಬಾರದೆಂದು ಮೊದಲೇ ಮಾತಾಡಿಕೊಂಡು ಕುಳಿತುಕೊಳ್ಳಿ.