ಐರ್ಲೆಂಡ್ ಮೈಲಿ ಬಿಟ್ಟು ಕಿಲೋಮೀಟರ್‌ಗೆ ಬದಲಾದಾಗ ಚಾಲಕರು ಹೇಗೆ ಹೊಂದಿಕೊಂಡರು?

ಮುಖ್ಯವಾಗಿ, ವೇಗಮಿತಿಗಳನ್ನು ಹಂತಹಂತವಾಗಿ ಎಳೆಯದೆ ಒಂದೇ ದಿನ ಬದಲಾಯಿಸಿದ್ದರಿಂದ. 2005ರ ಜನವರಿ 20ರಂದು ಅಲ್ಲಿನ ವೇಗಮಿತಿಗಳೆಲ್ಲ ಕಿಲೋಮೀಟರ್ ಲೆಕ್ಕಕ್ಕೆ ಬಂದವು. ಒಂದು ರಸ್ತೆಯಲ್ಲಿ ಮೈಲಿ, ಪಕ್ಕದ ರಸ್ತೆಯಲ್ಲಿ ಕಿಲೋಮೀಟರ್ ಇದ್ದಿದ್ದರೆ ಬೋರ್ಡಿನ 60 ಯಾವ ಲೆಕ್ಕದ್ದು ಅಂತ ಗೊತ್ತಾಗೋದು ಹೇಗೆ? 60 ಮೈಲಿ ಅಂದ್ರೆ ಸುಮಾರು 97 ಕಿಲೋಮೀಟರ್! ಅದಕ್ಕೇ ಹೊಸ ಬೋರ್ಡುಗಳಲ್ಲಿ ಅಂಕಿಯ ಕೆಳಗೇ ಗಂಟೆಗೆ ಕಿಲೋಮೀಟರ್ ಎನ್ನುವ ಗುರುತನ್ನೂ ಹಾಕಿದರು. ನಮ್ಮ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಬರೀ ಅಂಕಿ ಇರುತ್ತೆ, ಅಲ್ವಾ?

ಇನ್ನೊಂದು ಜಾಣತನವೂ ಇತ್ತು. ಊರೊಳಗಿನ 30 ಮೈಲಿಯನ್ನು ಲೆಕ್ಕ ಹಾಕಿ 48 ಅಂತ ಬರೆಯಲಿಲ್ಲ, ಸುಮ್ನೆ 50 ಮಾಡಿದರು. ಮೋಟಾರುಹೆದ್ದಾರಿಯ 70 ಮೈಲಿ 120 ಕಿಲೋಮೀಟರ್ ಆಯಿತು. ಹಾಗಾಗಿ ತಲೆಯಲ್ಲಿ ಗುಣಾಕಾರ ಬೇಕಿರಲಿಲ್ಲ. ಹಳೇ ಕಾರಿನವರು ಸ್ಪೀಡೋಮೀಟರ್‌ನ ಒಳಸುತ್ತಿನ ಸಣ್ಣ ಕಿಲೋಮೀಟರ್ ಅಂಕಿ ನೋಡಿದರಾಯಿತು.